ಆ ಎರಡು ಪ್ರಶ್ನೆಗಳಿಗೆ ಕೇಳದೇ ಸೊನ್ನೆ ಹಾಕಬೇಡಿ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ ಇವರಿಗೆ

ಮಾನ್ಯರೇ,

ಕಳೆದ ವರ್ಷ ಚೌತಿ ಮುಗಿದ ವಾರ ನಮ್ಮ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ದಳು. ಮೂವತ್ತು ದಾಟಿದ ಪ್ರತಿಯೊಬ್ಬರ ಬಗ್ಗೆಯೂ ತುಂಬಬೇಕಾದ, ನಿಮ್ಮ ಇಲಾಖೆಯವರು ‘ಸಿಬ್ಯಾಕ್’ ಎಂದು ಕರೆಯುವ ಉದ್ದನೆಯ ನಮೂನೆ ಅವಳ ಕೈಯಲ್ಲಿತ್ತು. ಜಗಲಿಯಲ್ಲಿ ಕುಳಿತಳು. ಅಲ್ಲೇ ನನ್ನ ಅತ್ತೆ ಅಡಿಕೆ ಕತ್ತರಿಸುತ್ತಿದ್ದರು, ಯಜಮಾನರು ಪೇಪರ್ ಓದುತ್ತಿದ್ದರು. ತಂಬಾಕು ತಿನ್ನುವ ಅಭ್ಯಾಸ ಉಂಟೇ ಎಂದು ಕೇಳಿದಾಗ ಅತ್ತೆ ಕವಳದ ಸಂಚಿಯನ್ನು ಸೆರಗಿನ ಕೆಳಗೆ ಸರಿಸಿದರು. ನನ್ನ ಸೊಂಟದ ಸುತ್ತಳತೆ ತೆಗೆದಳು. ಎರಡು ವಾರ ದಾಟಿದ ಕೆಮ್ಮು, ಬಾಯಲ್ಲಿ ಮಾಯದ ಹುಣ್ಣು, ಎದೆಯಲ್ಲಿ ಗಂಟು ಎಲ್ಲವನ್ನೂ ವಿಚಾರಿಸಿದಳು. ಗಂಟಿನ ವಿಷಯ ಬಂದಾಗ ಮಾತ್ರ ದನಿ ತಗ್ಗಿಸಿದಳು. ಕೊನೆಯಲ್ಲಿ ಎರಡು ಪ್ರಶ್ನೆ ಉಳಿದಿದ್ದವು. ಅವುಗಳ ಮೇಲೆ ಕಣ್ಣು ಹಾಯಿಸಿ, “ಇದೆಲ್ಲ ನಿಮಗೇನಿಲ್ಲ ಬಿಡಿ ಅಕ್ಕಾ” ಎಂದು ತಾನೇ ಎರಡೂ ಕಡೆ ಸೊನ್ನೆ ಬರೆದಳು. ಚಹಾ ಕುಡಿದು ಮುಂದಿನ ಮನೆಗೆ ಹೋದಳು.

ಆ ಪ್ರಶ್ನೆಗಳು ಯಾವುವು ಎಂದು ನಿಮಗೆ ಗೊತ್ತಿದೆ, ಪತ್ರ ಓದುವ ಉಳಿದವರಿಗಾಗಿ ಬರೆಯುತ್ತೇನೆ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಸಂತೋಷ ಇಲ್ಲದಂತೆ ಅನ್ನಿಸಿದೆಯೇ? ಮನಸ್ಸು ಕುಗ್ಗಿ, ಏನೂ ಭರವಸೆ ಉಳಿದಿಲ್ಲ ಅನ್ನಿಸಿದೆಯೇ? ಇಲ್ಲವೇ ಇಲ್ಲ ಎಂದರೆ ಸೊನ್ನೆ, ಕೆಲವು ದಿನ ಎಂದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ ಎರಡು, ಹೆಚ್ಚುಕಡಿಮೆ ದಿನವೂ ಎಂದರೆ ಮೂರು. ಎರಡೂ ಸೇರಿ ಮೂರನ್ನು ದಾಟಿದರೆ ಸಮುದಾಯ ಆರೋಗ್ಯ ಅಧಿಕಾರಿಯ ಬಳಿಗೋ ವೈದ್ಯರ ಬಳಿಗೋ ಕಳಿಸಬೇಕು. ಲೆಕ್ಕ ಇಷ್ಟೇ.

ಅವಳು ಬರೆದ ಸೊನ್ನೆ ಆ ದಿನದ ಮಟ್ಟಿಗೆ ಸುಳ್ಳಾಗಿರಲಿಲ್ಲ. ಆದರೆ ಮೂರು ವರ್ಷ ಮೊದಲು ಅದೇ ಜಗಲಿಯಲ್ಲಿ ಕೇಳಿದ್ದರೆ ಎರಡೂ ಕಡೆ ಮೂರು ಮೂರು ಬರೆಯಬೇಕಾಗಿತ್ತು. ಆಗಲೂ ಸೊನ್ನೆಯೇ ಬೀಳುತ್ತಿತ್ತು. ಈ ಪತ್ರ ಬರೆಯಲು ಕಾರಣ ಅದು.

ನನಗೆ ಇಬ್ಬರು ಮಕ್ಕಳು. ಎರಡೂ ಹೆರಿಗೆಗೆ ತವರಾದ ಶಿರಸಿ ಸೀಮೆಗೆ ಘಟ್ಟ ಹತ್ತಿ ಹೋಗಿದ್ದೆ. ಮೂರು ತಿಂಗಳ ಬಾಣಂತನದಲ್ಲಿ ನನ್ನನ್ನು ವಿಚಾರಿಸದವರಿಲ್ಲ. ಎಣ್ಣೆ ಹಚ್ಚಿ ನೀರು ಹಾಕುವ ಮುದುಕಿಯಿಂದ ಹಿಡಿದು ಹಾಲು ಕೊಡಲು ಬರುವವನವರೆಗೆ ಎಲ್ಲರೂ “ನಿದ್ದೆ ಆಯಿತೇ, ಊಟ ಸೇರುತ್ತದೆಯೇ” ಎಂದು ಕೇಳುವವರೇ. ಸರ್ಕಾರವೂ ಹಿಂದೆ ಬಿದ್ದಿಲ್ಲ. ತಾಯಿ ಕಾರ್ಡ್ ಇದೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದೊಳಗೆ ಆರು ಸಲ ಹೋಗಬೇಕು. ಆಮೇಲೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಇನ್ನೂ ಐದು ಸಲ. ಹೆರಿಗೆಯ ನಂತರದ ಖಿನ್ನತೆಯ ಬಗ್ಗೆ ಈಗ ಪತ್ರಿಕೆಗಳೂ ಬರೆಯುತ್ತವೆ, ಒಳ್ಳೆಯದೇ. ಹದಿನೈದು ತಿಂಗಳಾದ ಮೇಲೆ ಮಗುವಿಗೆ ಅಂಗನವಾಡಿ ಇದೆ, ಶಾಲೆ ಇದೆ, ಲಸಿಕೆ ಇದೆ. ತಾಯಿ ಯಾವ ಕಾರ್ಡಿನಲ್ಲೂ ಇಲ್ಲ. ಅವಳು ಮತ್ತೆ ದಾಖಲೆಗೆ ಬರುವುದು ಮೂವತ್ತು ದಾಟಿದ ಮೇಲೆ, ಶುಗರ್ ಮತ್ತು ಬಿಪಿಯ ಪಟ್ಟಿಯಲ್ಲಿ.

ನನ್ನ ಕಾಯಿಲೆ ಬಾಣಂತನದಲ್ಲಿ ಬರಲಿಲ್ಲ. ಮಗಳು ಮಂಗಳೂರಿನ ಹಾಸ್ಟೆಲ್ ಸೇರಿ ಎರಡನೆಯ ವರ್ಷ, ಮಗ ಒಂಬತ್ತನೆಯ ತರಗತಿ. ಆಷಾಢದ ಒಂದು ಬೆಳಿಗ್ಗೆ ಅರ್ಧ ಕಾಯಿಕಡಿ ಹಿಡಿದು ತುರಿಮಣೆಯ ಮೇಲೆ ಕುಳಿತಿದ್ದೆ. ನಾಲ್ಕು ಸುತ್ತು ತುರಿದಿದ್ದೆನೋ ಏನೋ, ಕೈ ನಿಂತಿತು. ದುಃಖವಾಗಿತ್ತೇ ಎಂದು ಕೇಳಿದರೆ ಇಲ್ಲ. ಅಳು ಬಂದಿದ್ದರೆ ಒಳ್ಳೆಯದಿತ್ತು, ಅತ್ತವರನ್ನು ಜನ ಗಮನಿಸುತ್ತಾರೆ. ಮುಂದಿನ ಸುತ್ತು ತುರಿಯುವುದು ಯಾಕೆ ಎಂಬುದೇ ಹೊಳೆಯಲಿಲ್ಲ. ಮಗ ಒಳಗೆ ಬಂದ. ಒಂದು ಕಾಲಿಗೆ ಮಾತ್ರ ಸಾಕ್ಸ್ ಹಾಕಿದ್ದ. “ಅಮ್ಮಾ, ಎಂಟೂ ಮುಕ್ಕಾಲಾಯಿತು” ಎಂದ. ನಾನು ಕುಳಿತದ್ದು ಎಂಟಕ್ಕೆ. ಅವನು ನನ್ನ ಕೈಯಿಂದ ಕಾಯಿಕಡಿಯನ್ನು ಮೆಲ್ಲಗೆ ಬಿಡಿಸಿಕೊಂಡು ಫ್ರಿಜ್ಜಿನಲ್ಲಿಟ್ಟ. ಡಬ್ಬಿಗೆ ಮೊಸರನ್ನ ಕಲಸಿಕೊಂಡು, ಮೇಲೊಂದು ಮಿಡಿ ಉಪ್ಪಿನಕಾಯಿ ಇಟ್ಟುಕೊಂಡು ಶಾಲೆಗೆ ಹೋದ.

ಆಮೇಲಿನ ಒಂದೂವರೆ ವರ್ಷದಲ್ಲಿ ಅವನು ಪಠ್ಯದಲ್ಲಿ ಎಷ್ಟು ಕಲಿತನೋ ಗೊತ್ತಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿದ್ದುಕೊಂಡೇ ಅಡುಗೆಮನೆಯ ಸದ್ದು ಕೇಳಿ ನನ್ನ ಆ ದಿನದ ಸ್ಥಿತಿ ಲೆಕ್ಕ ಹಾಕುವುದನ್ನು ಮಾತ್ರ ಚೆನ್ನಾಗಿ ಕಲಿತ. ಪಾತ್ರೆಗಳು ಕುಕ್ಕಿದ ಸದ್ದು ಬಂದರೆ ಅಮ್ಮ ಸಿಟ್ಟಿನಲ್ಲಿದ್ದಾಳೆ, ಪರವಾಗಿಲ್ಲ. ಸದ್ದೇ ಇಲ್ಲದಿದ್ದರೆ ತಾನು ಏಳಬೇಕು. ಇದನ್ನು ಅವನು ನನಗೆ ಹೇಳಿದ್ದು ಈಗೀಗ, ನಗುತ್ತಾ. ನನಗೆ ನಗಲಾಗಲಿಲ್ಲ.

ಆ ಒಂದೂವರೆ ವರ್ಷ ನಾನು ಸುಮ್ಮನೆ ಕುಳಿತಿರಲಿಲ್ಲ. ಸೊಂಟನೋವು ಎಂದು ಒಬ್ಬರ ಬಳಿ, ಹೊಟ್ಟೆ ಉರಿ ಎಂದು ಇನ್ನೊಬ್ಬರ ಬಳಿ, ಸುಸ್ತು ಎಂದು ಮತ್ತೊಬ್ಬರ ಬಳಿ ಹೋದೆ. ಮನಸ್ಸು ಸರಿ ಇಲ್ಲ ಎಂದು ಹೇಳಿಕೊಂಡು ಯಾರ ಬಳಿಯೂ ಹೋಗಲಿಲ್ಲ, ಅದು ಸೊಂಟದಲ್ಲೇ ಇದೆ ಎಂದು ನಾನೂ ನಂಬಿದ್ದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿದರು. ಮಾಡಿಸಿದ್ದು ಸರಿಯೇ, ಅವು ಕಡಿಮೆಯಾದರೂ ಇಂಥದೇ ಸುಸ್ತು ಬರುತ್ತದೆ. ರಿಪೋರ್ಟುಗಳೆಲ್ಲ ಸರಿ ಬಂದ ಮೇಲೆ “ನಿಮಗೆ ಏನೂ ಇಲ್ಲ” ಎಂದರು. ನಾನು ಹೇಳಬೇಕೆಂದಿದ್ದದ್ದೂ ಅದನ್ನೇ: ಒಳಗೆ ಏನೂ ಇಲ್ಲ. ಮನೆಯವರು ದೇವರಲ್ಲಿ ಪ್ರಸಾದ ಕೇಳಿಸಿದರು, ಕುಲದೇವರ ಹರಕೆಯೊಂದು ಬಾಕಿ ಇದೆ ಎಂದು ಬಂತು. ತೀರಿಸಿದೆವು. ಆ ಬಗ್ಗೆ ನನಗೆ ಬೇಸರವಿಲ್ಲ. ಇಡೀ ದಿನ ಮನೆಯಿಂದ ಹೊರಗಿದ್ದು ದೇವಸ್ಥಾನದ ಊಟ ಮಾಡಿದ್ದು ಆ ವರ್ಷದ ಕೆಲವೇ ಒಳ್ಳೆಯ ನೆನಪುಗಳಲ್ಲೊಂದು.

ಕೊನೆಗೆ ಒಂದು ಸಂಜೆ ಬಚ್ಚಲ ಒಲೆಗೆ ಬೆಂಕಿ ಹಾಕುವ ನೆಪದಲ್ಲಿ ಕುಳಿತು 14416ಕ್ಕೆ ಫೋನ್ ಮಾಡಿದೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಆ ಕಡೆಯ ಹೆಣ್ಣುಮಗಳು “ಎಷ್ಟು ದಿನದಿಂದ ಹೀಗಿದೆ?” ಎಂದು ಕೇಳಿದಳು. ಅಷ್ಟು ವೈದ್ಯರಲ್ಲಿ, ಅಷ್ಟು ನೆಂಟರಲ್ಲಿ ಯಾರೂ ಕೇಳದ ಪ್ರಶ್ನೆ. ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದು ಅತ್ತೆಗೆ ಹೇಳಿದೆ.

ತಾಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆಂದು ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಹೋದದ್ದು ಹಾಗೆ. ನಮ್ಮ ತಾಲೂಕಿನ ಆಸ್ಪತ್ರೆಗಲ್ಲ, ಗುರುತಿನವರು ಸಿಗಬಾರದೆಂದು ಹೊಳೆ ದಾಟಿ ಪಕ್ಕದ ತಾಲೂಕಿಗೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿದ್ದವಳು ಹೀಗೆ ತಿರುಗಿದಳು. ನೋಡಿದರೆ ನಮ್ಮದೇ ಊರಿನ, ನಾನು ಕೆಲಸ ಮಾಡುವ ಸೊಸೈಟಿಗೆ ತಿಂಗಳು ತಿಂಗಳು ಕಂತು ಕಟ್ಟಲು ಬರುವ ಹೆಂಗಸು. ಇಬ್ಬರಿಗೂ ಮಾತು ಹೊರಡಲಿಲ್ಲ. ಕೊನೆಗೆ ಅವಳೇ, “ನೀವು ಯಾರನ್ನು ಕರೆದುಕೊಂಡು ಬಂದಿದ್ದೀರಿ ಅಕ್ಕಾ?” ಎಂದಳು. “ಅತ್ತೆಯನ್ನು” ಎಂದೆ. “ನಾನೂ ಅತ್ತೆಯನ್ನೇ” ಎಂದಳು. ಬೆಂಚಿನ ಮೇಲೆ ಆಗಲೀ ಹೊರಗಿನ ಮೆಟ್ಟಿಲ ಮೇಲಾಗಲೀ ಅತ್ತೆಯರು ಯಾರೂ ಇರಲಿಲ್ಲ. ನನ್ನ ಹೆಸರು ಕೂಗಿದಾಗ ನಾನು ಎದ್ದೆ, ಅವಳು ಕಿಟಕಿಯ ಕಡೆ ನೋಡಿದಳು. ಈಗ ನಾವು ಒಳ್ಳೆಯ ಗೆಳತಿಯರು. ಕಂತು ಕಟ್ಟಲು ಬಂದಾಗ “ಅತ್ತೆ ಹೇಗಿದ್ದಾರೆ?” ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಆ ಪ್ರಶ್ನೆಯ ಅರ್ಥ ನಮ್ಮಿಬ್ಬರಿಗೆ ಮಾತ್ರ ಗೊತ್ತು.

ವೈದ್ಯರು ಮಾತ್ರೆ ಬರೆದು, ಇದು ಜ್ವರದ ಮಾತ್ರೆಯಂತಲ್ಲ, ಎರಡು ಮೂರು ವಾರ ಏನೂ ಆಗುವುದಿಲ್ಲ, ಹಾಗೆಂದು ಬಿಡಬೇಡಿ, ಹುಷಾರಾದ ಮೇಲೂ ಕೆಲವು ತಿಂಗಳು ಬಿಡಬೇಡಿ ಎಂದರು. ಮೂರನೆಯ ವಾರದ ಕೊನೆಗೆ ಒಂದು ಮಧ್ಯಾಹ್ನ ಊಟ ಮಾಡುವಾಗ ಸಾರಿಗೆ ಉಪ್ಪು ಕಡಿಮೆಯಾಗಿದೆ ಅನ್ನಿಸಿತು. ತುತ್ತು ಕೈಯಲ್ಲೇ ಉಳಿಯಿತು. ಉಪ್ಪು ಹೆಚ್ಚಾದದ್ದು ಕಡಿಮೆಯಾದದ್ದು ನನಗೆ ತಿಳಿಯದೆ ಎಷ್ಟು ಕಾಲವಾಗಿತ್ತೋ. ಹದಿನಾಲ್ಕು ತಿಂಗಳು ಮಾತ್ರೆ ತೆಗೆದುಕೊಂಡೆ, ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ನಿಲ್ಲಿಸಿದರು.

ಇದು ನನ್ನೊಬ್ಬಳ ಕಥೆಯಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಚೊಚ್ಚಲ ಹೆರಿಗೆಯ 1,507 ತಾಯಂದಿರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನವೊಂದಿದೆ, 2014ರಲ್ಲಿ ಪ್ರಕಟವಾಯಿತು. ಮಗುವಿಗೆ ನಾಲ್ಕು ವರ್ಷವಾದಾಗ ನೂರಕ್ಕೆ 14.5 ತಾಯಂದಿರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಹೆರಿಗೆಯ ಮೊದಲ ವರ್ಷದ ಯಾವ ಹಂತದಲ್ಲೂ ಅಷ್ಟು ಇರಲಿಲ್ಲ. ನಮ್ಮಲ್ಲೇ 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ ಹೆಚ್ಚಾಗಿ ಕಂಡದ್ದು ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ 40ರಿಂದ 49ರ ವಯಸ್ಸಿನಲ್ಲಿ. ಖಿನ್ನತೆ ಇದ್ದ ನೂರರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಲವತ್ತರ ಹೆಂಗಸು ಎಂದರೆ ನಮ್ಮ ಮನೆಗಳಲ್ಲಿ ಯಾರು? ಮಕ್ಕಳ ಪರೀಕ್ಷೆ, ಅತ್ತೆಯ ಮೊಣಕಾಲು, ತನ್ನ ಮುಟ್ಟು ನಿಲ್ಲುವ ಕಾಲದ ಬೆವರು ಮತ್ತು ನಿದ್ದೆಗೇಡು, ಎಲ್ಲವನ್ನೂ ಒಟ್ಟಿಗೆ ಹೊತ್ತವಳು. ಮುಟ್ಟು ನಿಲ್ಲುವ ಮೊದಲಿನ ಆ ಕೆಲವು ವರ್ಷಗಳಲ್ಲಿ ಖಿನ್ನತೆಯ ಸಾಧ್ಯತೆ ಹೆಚ್ಚು ಎಂದು ವೈದ್ಯರೇ ಹೇಳುತ್ತಾರೆ. ಮನೆಯಲ್ಲಿ ಹೇಳುವುದು “ವಯಸ್ಸಾಯಿತಲ್ಲ” ಎಂದು.

ಇನ್ನು ನಮ್ಮ ಜಿಲ್ಲೆಯದೇ ಆದ ಕಾರಣಗಳೂ ಇವೆ. ಕರಾವಳಿಯಲ್ಲಿ ಗಂಡ ಬೋಟಿನ ಮೇಲೋ, ಗೋವಾದಲ್ಲೋ, ಗಲ್ಫಿನಲ್ಲೋ ಇದ್ದರೆ ತಾಯಿ ಒಬ್ಬಳೇ ತಾಯಿಯೂ ತಂದೆಯೂ. ಜೂನ್ ಮತ್ತು ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧವಿದ್ದಾಗ ಗಂಡ ಮನೆಯಲ್ಲಿರುತ್ತಾನೆ, ದುಡ್ಡು ಇರುವುದಿಲ್ಲ. ಘಟ್ಟದ ಮೇಲೆ ಬೇರೆ ತರದ್ದು. ನನ್ನ ತವರಿನ ಕೇರಿಯಲ್ಲಿ ಈಗ ರಾತ್ರಿ ದೀಪ ಉರಿಯುವ ಮನೆಗಳಿಗಿಂತ ಬೀಗ ಹಾಕಿದ ಮನೆಗಳು ಹೆಚ್ಚು. ಮಕ್ಕಳು ಬೆಂಗಳೂರಿನಲ್ಲಿ. ಊರಿನಲ್ಲೇ ಉಳಿದು ತೋಟ ನೋಡಿಕೊಂಡ ಮಗನಿಗೆ ಮೂವತ್ತೆಂಟಾದರೂ ಹೆಣ್ಣು ಸಿಕ್ಕಿಲ್ಲ, ಅದಕ್ಕೂ ಜನ ಬೆರಳು ತೋರಿಸುವುದು ತಾಯಿಯ ಕಡೆಗೆ: “ಅವಳು ಸ್ವಲ್ಪ ಓಡಾಡಿದ್ದರೆ ಆಗುತ್ತಿತ್ತು.” ಹಾಗೆ ಅನ್ನಿಸಿಕೊಂಡ ನನ್ನ ಚಿಕ್ಕಮ್ಮ ಎರಡು ವರ್ಷದಿಂದ ಮದುವೆಮನೆಗಳಿಗೆ ಹೋಗಿಲ್ಲ. ಮಾರಿಕಾಂಬಾ ಜಾತ್ರೆಗೂ ಇಳಿದು ಬರಲಿಲ್ಲ. ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. ಶಿರಸಿ ಸೀಮೆಯ ಹೆಂಗಸು ಜಾತ್ರೆಯ ಬಳೆ ಬೇಡ ಎಂದಳು ಎಂದರೆ ಅಷ್ಟು ಸಾಕು, ನಮೂನೆ ಬೇರೆ ಬೇಡ.

“ನಮ್ಮ ಅಜ್ಜಿಯಂದಿರು ಹತ್ತು ಹೆತ್ತು ಗಟ್ಟಿಯಾಗಿದ್ದರು, ಅವರಿಗಿಲ್ಲದ ಖಿನ್ನತೆ ನಿಮಗೆ ಎಲ್ಲಿಂದ ಬಂತು” ಎನ್ನುವವರು ಈ ಪತ್ರ ಓದಿಯೂ ಹಾಗೇ ಹೇಳುತ್ತಾರೆ. ಅವರಿಗೆ ನನ್ನದೊಂದು ಕೋರಿಕೆ. ನಿಮ್ಮ ಹಳೆಯ ಮನೆಯ ಹಿತ್ತಿಲ ಜಗಲಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಅಲ್ಲಿ ಗೋಡೆಗೆ ಒರಗಿ ಕುಳಿತು, ಕೇಳಿದರೆ ಹೂಂ ಎನ್ನುವ, ಇಲ್ಲದಿದ್ದರೆ ಅದೂ ಇಲ್ಲದ ಒಬ್ಬ ದೊಡ್ಡಮ್ಮ ಇರಲಿಲ್ಲವೇ? “ಅವಳ ಸ್ವಭಾವವೇ ಹಾಗೆ” ಎನ್ನುತ್ತಿದ್ದರು. ಹೆಚ್ಚಾದರೆ “ಧಾರವಾಡಕ್ಕೆ ಕಳಿಸಬೇಕು” ಎಂದು ನಗುತ್ತಿದ್ದರು. ನಮ್ಮ ಕಡೆ ಧಾರವಾಡ ಎಂದರೆ ಪೇಡಾ ಅಥವಾ ಹುಚ್ಚಾಸ್ಪತ್ರೆ, ನಡುವೆ ಏನೂ ಇಲ್ಲ. ಆ ಹೆದರಿಕೆಯಿಂದಲೇ ನಾನು ಹೊಳೆ ದಾಟಿದ್ದು.

ಮಾನ್ಯರೇ, ನಾನು ಹೊಸ ಆಸ್ಪತ್ರೆ ಕೇಳುತ್ತಿಲ್ಲ. 2022ರ ಜುಲೈನಲ್ಲಿ ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟಿನಲ್ಲಿ ಹೊನ್ನಾವರದ ಕಡೆಯಿಂದ ಹೋದ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತಾಗ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಎದ್ದು ನಿಂತರು. ಆ ಬೇಡಿಕೆ ಇಂದಿಗೂ ನ್ಯಾಯವಾದದ್ದು. ನನ್ನ ಬೇಡಿಕೆಗೆ ಅಡಿಗಲ್ಲು ಬೇಡ. ನಮೂನೆ ಈಗಾಗಲೇ ಅಚ್ಚಾಗಿದೆ, ಪ್ರಶ್ನೆಗಳು ಅದರಲ್ಲಿವೆ. ಅವುಗಳನ್ನು ಬಾಯಿಬಿಟ್ಟು ಕೇಳುವಂತೆ ಮಾಡಿ.

ಅತ್ತೆ, ಗಂಡ, ಮಗ ಇರುವ ಜಗಲಿಯಲ್ಲಿ ಕೇಳಿದರೆ ಯಾವ ಹೆಂಗಸೂ ಹೌದು ಎನ್ನುವುದಿಲ್ಲ. ಹಿತ್ತಿಲಲ್ಲಿ, ಬಾವಿಕಟ್ಟೆಯ ಹತ್ತಿರ, ಬಟ್ಟೆ ಒಣಗಿಸುವಾಗ ಕೇಳಲಿ. ಎದೆಯ ಗಂಟಿನ ಪ್ರಶ್ನೆಗೆ ದನಿ ತಗ್ಗಿಸಲು ಬರುವವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಇದೂ ಅಷ್ಟೇ ಮುಖ್ಯ ಎಂದು ಮೇಲಿನವರು ಹೇಳಿದರೆ ಸಾಕು. ಎರಡನೆಯದು ಭಾಷೆ. ‘ಆಸಕ್ತಿ’, ‘ಖಿನ್ನತೆ’ ಎಂಬ ಮಾತುಗಳನ್ನು ನಮ್ಮಲ್ಲಿ ಯಾರೂ ತಮ್ಮ ಬಗ್ಗೆ ಆಡಿಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಚೆಂದದ ಮಾತೊಂದಿದೆ: ಉಮೇದು. ಹಬ್ಬಕ್ಕೆ ಉಮೇದು, ಯಕ್ಷಗಾನಕ್ಕೆ ಉಮೇದು, ಹೂವಿನ ಗಿಡ ನೆಡಲು ಉಮೇದು. “ಅಕ್ಕಾ, ಇತ್ತೀಚೆಗೆ ಯಾವುದಕ್ಕೂ ಉಮೇದೇ ಇಲ್ಲ ಅನ್ನಿಸುತ್ತದೆಯೇ?” ಎಂದು ಕೇಳಿ ನೋಡಿ, ತುರಿಮಣೆಯ ಮೇಲೆ ಕುಳಿತವಳು ತಲೆ ಎತ್ತುತ್ತಾಳೆ. ಕೊಂಕಣಿ, ನವಾಯತಿ, ಮರಾಠಿ ಮಾತನಾಡುವ ಮನೆಗಳಿಗೂ ಅವರವರ ಮಾತು ಹುಡುಕಿಸಿ. ಹಾಲಕ್ಕಿ ಕೇರಿಯ ಮಾತು ಹಾಲಕ್ಕಿ ಕೇರಿಯ ಆಶಾಳಿಗೇ ಗೊತ್ತಿರುತ್ತದೆ.

ಕೇಳಿದ ಮೇಲೆ ಕಳಿಸಲು ಜಾಗ ಬೇಕಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಕಲಂ, ಚಿಕಿತ್ಸೆಗಾಗಿ ಯಾರೂ ದೂರ ಪ್ರಯಾಣ ಮಾಡಬೇಕಾಗಬಾರದು, ಮನೆಯ ಹತ್ತಿರವೇ ಸಿಗಬೇಕು ಎನ್ನುತ್ತದೆ. ಜೋಯಿಡಾದ ಒಳಗಿನ ಹಳ್ಳಿಯಿಂದ ಬಸ್ ಹಿಡಿದು ಹೊರಟವಳಿಗೆ ಆ ಕಲಂ ಓದಿ ಹೇಳುವ ಧೈರ್ಯ ನನಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಿಸಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಬಳ್ಳಾರಿಯಲ್ಲಿ ಆದದ್ದು ಇಲ್ಲಿ ಆಗದಿರಲು ಕಾರಣ ಕಾಣುವುದಿಲ್ಲ. ಮತ್ತೆ ಮಾತ್ರೆಗಳು. ಮೂರನೆಯ ತಿಂಗಳು ನಾನು ಹೋದಾಗ “ಸ್ಟಾಕ್ ಬಂದಿಲ್ಲ, ಮುಂದಿನ ವಾರ ನೋಡಿ” ಎಂದರು. ನಾನು ಹೊರಗೆ ಕೊಂಡುಕೊಂಡೆ. ನನ್ನ ಹಿಂದೆ ನಿಂತಿದ್ದ ಮೀನು ಮಾರುವ ಹೆಂಗಸು ಚೀಟಿಯನ್ನು ಮಡಚಿ ಸೊಂಟದ ಚೀಲಕ್ಕೆ ಸೇರಿಸಿ ಹೋದಳು. ಈ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು ಎಂದು ಅವಳಿಗೂ ಹೇಳಿಯೇ ಇರುತ್ತಾರೆ. ಯಾವ ಆಸ್ಪತ್ರೆ ಎಂದು ಕೇಳಬೇಡಿ. ಒಂದು ಆಸ್ಪತ್ರೆಯನ್ನು ಗದರಿಸಿ ಮುಗಿಸುವ ಕೆಲಸ ಇದಲ್ಲ.

ತಾಯಿಗೆ ಚಿಕಿತ್ಸೆ ಕೊಟ್ಟರೆ ಮಕ್ಕಳಿಗೂ ಗುಣ ಕಾಣುತ್ತದೆ. ಅಮೆರಿಕದಲ್ಲಿ 151 ತಾಯಿ–ಮಕ್ಕಳ ಜೋಡಿಗಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳಲ್ಲಿ ತಾಯಿ ಹುಷಾರಾದ ಮನೆಗಳಲ್ಲಿ ಮಕ್ಕಳ ಮಾನಸಿಕ ತೊಂದರೆಗಳು ಕಡಿಮೆಯಾಗಿದ್ದವು, ತಾಯಿ ಹುಷಾರಾಗದ ಮನೆಗಳಲ್ಲಿ ಹೆಚ್ಚಾಗಿದ್ದವು. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗ ಸಭೆ ಕರೆಯುವ ಶಿಕ್ಷಣ ಇಲಾಖೆಯ ನಿಮ್ಮ ಸಹೋದ್ಯೋಗಿಗಳಿಗೂ ಇದನ್ನು ದಯವಿಟ್ಟು ತಿಳಿಸಿ.

ನಮ್ಮ ಮನೆಗೆ ಬಂದ ಹುಡುಗಿಯ ಮೇಲೆ ಕ್ರಮ ಆಗಬಾರದು, ಅದಕ್ಕೇ ಊರಿನ ಹೆಸರು ಬರೆದಿಲ್ಲ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಹಗಲು ರಾತ್ರಿ ಕುಳಿತವರು ಅವಳಂಥವರೇ. ಅವಳಿಗೂ ಎರಡು ಮಕ್ಕಳಿವೆ. ಆ ದಿನ ಚಹಾ ಕೊಡುವಾಗ ನೋಡಿದೆ, ಕಣ್ಣಿನ ಕೆಳಗೆ ಕಪ್ಪು ಹಿಡಿದಿತ್ತು. ನಾನೂ ಕೇಳಲಿಲ್ಲ. ಅವಳ ನಮೂನೆಯನ್ನು ಯಾರು ತುಂಬುತ್ತಾರೆ?

ಪತ್ರದ ಕೆಳಗೆ ನನ್ನ ಹೆಸರು ಇಲ್ಲದ್ದನ್ನು ನೀವು ಗಮನಿಸುತ್ತೀರಿ. ಬಾಯಿಬಿಟ್ಟು ಕೇಳಿ ಎಂದು ಇಷ್ಟು ಬರೆದವಳು ತಾನೇ ಮುಖ ಮುಚ್ಚಿಕೊಂಡಿದ್ದಾಳೆ ಎಂದು ನಗಬಹುದು. ಬರೆಯಬೇಕೆಂದೇ ಇದ್ದೆ, ಯಜಮಾನರೂ ಬರಿ ಎಂದರು. ಆದರೆ ಈ ಯುಗಾದಿ ಕಳೆದ ಮೇಲೆ ಮಗಳ ಜಾತಕ ಹೊರಗೆ ಹಾಕಿದ್ದೇವೆ.

ಇಂತಿ,
ಒಬ್ಬ ತಾಯಿ,
ಉತ್ತರ ಕನ್ನಡ ಕರಾವಳಿ